ಚಳಿ ಉಂಡು ಅರಳುವ ಗೆಡ್ಡೆಗಳು

ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಯಾವುದಾದರೂ ಗಿಡದಂಗಡಿಗೆ ಹೋಗಿ ಒಂದೇ ಒಂದು ಟ್ಯುಲಿಪ್ ಗೆಡ್ಡೆ ಕೊಳ್ಳಿ. ನೋಡಲು ಥೇಟ್ ಈರುಳ್ಳಿ. ಕಂದು ಸಿಪ್ಪೆ, ಚೂಪು ಮೂತಿ, ಬುಡದಲ್ಲಿ ಬೇರು ಬರುವ ಚಪ್ಪಟೆ ಜಾಗ. ಅದನ್ನು ಮಣೆಯ ಮೇಲಿಟ್ಟು ಮೂತಿಯಿಂದ ಬುಡದವರೆಗೆ ಸರಿಯಾಗಿ ನಡುವೆ ಸೀಳಿ, ಭೂತಗನ್ನಡಿ ಹಿಡಿದು ಬಗ್ಗಿ ನೋಡಿ. ಒಂದು ಬಿಳಿ ಪದರ, ಅದರೊಳಗೆ ಇನ್ನೊಂದು, ಮತ್ತೊಂದು. ನಟ್ಟನಡುವೆ ಎಳೆ ಹಳದಿಯ ಪುಟಾಣಿ ಎಲೆಗಳು ಒಂದನ್ನೊಂದು ತಬ್ಬಿಕೊಂಡಿವೆ. ಅವನ್ನು ಸೂಜಿಮೊನೆಯಿಂದ ಮೆಲ್ಲಗೆ ಸರಿಸಿದರೆ, ಅಬ್ಬಾ, ಹೂವು! ಮೊಗ್ಗಾಗಬಹುದಾದ ಯಾವುದೋ ಚುಕ್ಕೆಯಲ್ಲ, ಪೂರ್ತಿ ಹೂವು. ಆರು ದಳ, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ, ಎಲ್ಲ ಸೇರಿ ಕೆಲವೇ ಮಿಲಿಮೀಟರ್ ಎತ್ತರ. ಈ ಗೆಡ್ಡೆ ಇನ್ನೂ ಮಣ್ಣು ಸೇರಿಲ್ಲ, ಒಂದು ಹನಿ ನೀರು ಕುಡಿದಿಲ್ಲ. ಬರುವ ಏಪ್ರಿಲ್‌ನ ಹೂವು ಮಾತ್ರ ಆಗಲೇ ಸಿಂಗರಿಸಿಕೊಂಡು ಒಳಗೆ ಕೂತಿದೆ!

ಇದನ್ನು ಕಟ್ಟಿದ್ದು ಯಾವಾಗ ಅಂದುಕೊಂಡಿರಿ? ಹಿಂದಿನ ಜುಲೈ, ಆಗಸ್ಟ್‌ನಲ್ಲಿ. ನೆಲದಿಂದ ಕಿತ್ತು, ಮಣ್ಣು ಕೊಡವಿ, ನೆದರ್ಲೆಂಡ್ಸಿನ ಯಾವುದೋ ಗೋದಾಮಿನಲ್ಲಿ ಒಣಹಾಕಿದ್ದಾಗ. ಹೊರಗಿನವರ ಕಣ್ಣಿಗೆ ಅದು ಮಲಗಿದ ಸರಕು. ಒಳಗೆ ದಳ ಮೂಡುತ್ತಿದೆ, ಕೇಸರ ಏಳುತ್ತಿದೆ, ಕೊನೆಯಲ್ಲಿ ಅಂಡಾಶಯ ಕಟ್ಟುತ್ತಿದೆ. ಡಚ್ ಬೆಳೆಗಾರರಿಗೆ ಈ ಗುಟ್ಟು ಹಳೆಯದು. ರಾಶಿಯಿಂದ ಕೆಲವು ಗೆಡ್ಡೆಗಳನ್ನು ಎತ್ತಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ಅಂಡಾಶಯ ಬಂದಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ಘಟ್ಟಕ್ಕೆ ‘ಜಿ ಹಂತ’ ಎಂದು ಹೆಸರು. ಅದು ಮುಟ್ಟಿತೋ, ರಾಶಿ ಶೀತಲಕೋಣೆಗೆ ಹೋಗಲು ತಯಾರು.

ಹೂವು ಸಿದ್ಧವಾದ ಮೇಲೆ ಮತ್ತೆ ಶೀತಲಕೋಣೆ ಯಾಕೆ? ನೆಟ್ಟು ನೀರು ಹಾಕಿದರೆ ಸಾಲದೇ? ಸಾಲದು! ನಿಜವಾದ ಬೆರಗು ಶುರುವಾಗುವುದೇ ಇಲ್ಲಿ. ಟ್ಯುಲಿಪ್‌ಗೆ ಸುಮಾರು 12ರಿಂದ 16 ವಾರ ಚಳಿ ಬೇಕು, 9 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗಿನ ಚಳಿ. ಆ ಚಳಿಯಲ್ಲಿ ಗೆಡ್ಡೆ ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆದುಕೊಳ್ಳುತ್ತದೆ, ಕಾಂಡ ನೀಳವಾಗಲು ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತದೆ. ಚಳಿ ತಪ್ಪಿಸಿ ಬೆಚ್ಚಗೆ ಇಟ್ಟು, ಒಳ್ಳೆಯ ಗೊಬ್ಬರ ಕೊಟ್ಟು, ದಿನಾ ಮುದ್ದು ಮಾಡಿ ನೋಡಿ. ಎಲೆ ಬರುತ್ತದೆ. ಹೂವು ಮೇಲೇಳಲಾರದೆ ಎಲೆಗಳ ಬುಡದಲ್ಲೇ ಒಣಗಿ ಕಾಗದವಾಗುತ್ತದೆ. ಸುಖ ಕೊಟ್ಟರೆ ಸಾಯುವ, ಕಷ್ಟ ಕೊಟ್ಟರೆ ನಗುವ ಜಾತಿ ಇದು. ಇದನ್ನು ಮನೆಯಲ್ಲಿ ಬೆಳೆಸುವವರು ಕುಂಡಕ್ಕೆ ಮಣ್ಣು ತುಂಬುತ್ತಿಲ್ಲ. ಒಂದು ತುಂಡು ಬೆಟ್ಟವನ್ನೂ ಆ ಬೆಟ್ಟದ ಹವೆಯನ್ನೂ ಮನೆಗೆ ಕರೆಸುತ್ತಿದ್ದಾರೆ.

ಯಾವ ಬೆಟ್ಟ? ಟ್ಯುಲಿಪ್ ಅಂದ ಕೂಡಲೇ ನಮಗೆ ಗಾಳಿಗಿರಣಿ, ಹಾಲೆಂಡ್, ಹಳೆಯ ಹಿಂದಿ ಸಿನಿಮಾದ ಹಾಡು ನೆನಪಾಗುತ್ತದೆ. ಅದರ ತವರು ಅದಲ್ಲ. ಮಧ್ಯ ಏಷ್ಯಾದ ತಿಯೆನ್ ಶಾನ್, ಪಾಮಿರ್ ಸಾಲುಗಳ ಒಣ ಕಲ್ಲಿಳಿಜಾರು ಅದರ ಮನೆ. ಅಲ್ಲಿ ಚಳಿಗಾಲ ಹಿಮದಡಿ, ಬೇಸಿಗೆ ಕಾದ ಕಾವಲಿ. ನಡುವೆ ಹಿಮ ಕರಗಿ ನೆಲ ಒದ್ದೆಯಾಗುವ ಕೆಲವೇ ವಾರಗಳಲ್ಲಿ ಎಲೆ ಬಿಟ್ಟು, ಹೂ ಬಿಟ್ಟು, ಬೀಜ ಉದುರಿಸಿ, ಮುಂದಿನ ವರ್ಷದ ಗಂಟು ಕಟ್ಟಿಕೊಂಡು ನೆಲದೊಳಗೆ ಮಾಯವಾಗಬೇಕು. ಅದಕ್ಕೇ ಹೂವನ್ನು ಮೊದಲೇ ಕಟ್ಟಿಟ್ಟುಕೊಳ್ಳುವ ಈ ಏರ್ಪಾಡು. ಚಳಿಗಾಲ ಪೂರ್ತಿ ಮುಗಿಯಿತು ಎಂಬ ಖಾತ್ರಿ ಸಿಗುವ ತನಕ ತಲೆ ಎತ್ತದಂತೆ ಈ ಬೀಗ. ಇನ್ನೂ ಒಂದು ವಿಷಯ: ಈ ವರ್ಷ ಹೂ ಬಿಟ್ಟ ಟ್ಯುಲಿಪ್ ಗೆಡ್ಡೆ ಮುಂದಿನ ವರ್ಷಕ್ಕೆ ಇರುವುದೇ ಇಲ್ಲ. ತನ್ನನ್ನೆಲ್ಲ ಸುರಿದು ಮುಗಿದುಹೋಗುತ್ತದೆ. ಅದರ ಪದರಗಳ ಕಂಕುಳಲ್ಲಿ ಹುಟ್ಟಿದ ಮರಿಗೆಡ್ಡೆಗಳು ಆ ಜಾಗ ತುಂಬುತ್ತವೆ. ‘ಅದೇ ಗಿಡ ಮತ್ತೆ ಹೂ ಬಿಟ್ಟಿತು’ ಎಂದು ನಾವು ಹಿಗ್ಗುತ್ತೇವೆ, ಅದು ಮಗಳು!

ಹಾಲೆಂಡಿಗೆ ಇದು ತುರ್ಕಿಯ ಕಡೆಯಿಂದ ಬಂತು. ಕರೋಲಸ್ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟದಲ್ಲಿ ನೆಟ್ಟ, ಮರುವರ್ಷದ ವಸಂತದಲ್ಲಿ ಅರಳಿದವು. ಊರೆಲ್ಲ ಬೇಡಿದರೂ ಆತ ಕೊಡಲಿಲ್ಲ, ಜನ ಕದ್ದೊಯ್ದರು. ಮುಂದೆ ಗೆಡ್ಡೆಯೊಂದಕ್ಕೆ ಮನೆಯ ಬೆಲೆ ಬಂದು 1637ರ ಫೆಬ್ರವರಿಯಲ್ಲಿ ಎಲ್ಲ ಕುಸಿದ ಕತೆಯನ್ನು ಅರ್ಥಶಾಸ್ತ್ರದ ಮೇಷ್ಟ್ರುಗಳು ಹೇಳಿ ಹೇಳಿ ಸವೆಸಿದ್ದಾರೆ. ಅವರು ಹೇಳದೆ ಬಿಡುವ ತುಣುಕು ಇದು: ಅಂದಿನ ಸಿರಿವಂತರು ಪ್ರಾಣ ಬಿಡುತ್ತಿದ್ದುದು ಬಿಳಿಯ ಮೇಲೆ ಕೆಂಪು ಜ್ವಾಲೆ ಹರಿದಂಥ ಗೆರೆಯ ಟ್ಯುಲಿಪ್‌ಗಳಿಗೆ. ಆ ಗೆರೆ ಯಾಕೆ ಬರುತ್ತದೆ, ಯಾವಾಗ ಬರುತ್ತದೆ ಯಾರಿಗೂ ಗೊತ್ತಿರಲಿಲ್ಲ. 1928ರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯ ಡೊರೊಥಿ ಕೇಲಿ ಅದು ಗೆಡ್ಡೆಯಿಂದ ಗೆಡ್ಡೆಗೆ ಅಂಟುವ ರೋಗ ಎಂದು ತೋರಿಸಿಕೊಟ್ಟರು. ವೈರಸ್! ಗಿಡಹೇನು ಹರಡುವ ಕಾಯಿಲೆ! ಒಂದು ಜ್ವರಕ್ಕೆ ಜನ ಆಸ್ತಿ ಬರೆದುಕೊಟ್ಟಿದ್ದರು.

ಟ್ಯುಲಿಪ್ ಸಾಕು. ನನ್ನನ್ನು ಕೇಳಿದರೆ ಈ ಲೋಕದ ನಿಜವಾದ ಮಾಂತ್ರಿಕ ಸ್ನೋಡ್ರಾಪ್. ಗೇಣೆತ್ತರದ ಗಿಡ, ತಲೆತಗ್ಗಿಸಿದ ಒಂದೇ ಬಿಳಿ ಹೂ. ಜನವರಿ, ಫೆಬ್ರವರಿಯಲ್ಲಿ ಬ್ರಿಟನ್ನಿನ ತೋಟಗಳೆಲ್ಲ ಸತ್ತಂತೆ ಬಿದ್ದಿರುವಾಗ ಇದು ಹಿಮವನ್ನು ತೂತು ಮಾಡಿಕೊಂಡು ಮೇಲೆ ಬರುತ್ತದೆ. ಎಲೆಯ ತುದಿ ಗಟ್ಟಿಯಾಗಿರುವುದು ಅದಕ್ಕಾಗಿಯೇ. ರಾತ್ರಿ ಹೆಪ್ಪುಗಟ್ಟುವ ಚಳಿ ಬಿದ್ದರೆ ಇಡೀ ಗಿಡ ನೆಲಕ್ಕೆ ಒರಗಿಬಿಡುತ್ತದೆ, ಸತ್ತೇಹೋಯಿತು ಅನ್ನಿಸುವಷ್ಟು. ಬಿಸಿಲು ಬಂದ ಮೇಲೆ ಎದ್ದು ನಿಲ್ಲುತ್ತದೆ. ಶಾಖ ಹತ್ತು ಡಿಗ್ರಿ ಮುಟ್ಟುತ್ತಿದ್ದ ಹಾಗೆ ಹೊರಗಿನ ಮೂರು ದಳ ರೆಕ್ಕೆ ಬಿಚ್ಚುತ್ತವೆ. ಆಗ ಬಗ್ಗಿ ನೋಡಬೇಕು. ನೋಡಲು ನೀವು ಮಂಡಿಯೂರಲೇಬೇಕು, ಬೇರೆ ದಾರಿಯಿಲ್ಲ. ಒಳಗೆ ಮೂರು ಗಿಡ್ಡ ದಳ, ಒಂದೊಂದರ ಅಂಚಿನಲ್ಲೂ ಹಸಿರು ಬಣ್ಣದ ಗುರುತು. ಕೆಲವಕ್ಕೆ ಒಂದು ಚುಕ್ಕೆ, ಕೆಲವಕ್ಕೆ ಎರಡು, ಕೆಲವಕ್ಕೆ ಇಡೀ ದಳವೇ ಹಸಿರು, ಅಪರೂಪಕ್ಕೆ ಹಳದಿ.

ಆ ಗುರುತಿಗಾಗಿ ನಡೆಯುವ ಹುಚ್ಚಾಟ ಕೇಳಿ! ಮೂಲ ಜಾತಿಗಳು ಇಪ್ಪತ್ತರ ಆಸುಪಾಸು, ತೋಟಗಾರರು ಗುರುತಿಸಿ ಹೆಸರಿಟ್ಟ ಬಗೆಗಳಿಗೆ ಲೆಕ್ಕವಿಲ್ಲ. 2015ರಲ್ಲಿ ‘ಗೋಲ್ಡನ್ ಫ್ಲೀಸ್’ ಎಂಬ ಒಂದೇ ಗೆಡ್ಡೆ ಆನ್‌ಲೈನ್ ಹರಾಜಿನಲ್ಲಿ 1,390 ಪೌಂಡಿಗೆ ಹೋಯಿತು. 2022ರಲ್ಲಿ ‘ಗೋಲ್ಡನ್ ಟಿಯರ್ಸ್’ 1,850 ಪೌಂಡ್ ಮುಟ್ಟಿತು. ನಮ್ಮ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಮೇಲೆ, ಹೆಬ್ಬೆಟ್ಟಿನ ಗಾತ್ರದ ಒಂದು ಗೆಡ್ಡೆಗೆ! ಇದನ್ನು ಕೊಂಡವರು ಏನು ಮಾಡುತ್ತಾರೆ? ಚಾಕು ಹಾಕುತ್ತಾರೆ. ಶಸ್ತ್ರಚಿಕಿತ್ಸೆಯ ಹರಿತ ಅಲಗು ತೆಗೆದುಕೊಂಡು, ಸ್ಪಿರಿಟ್ಟಿನಲ್ಲಿ ಒರೆಸಿ, ಗೆಡ್ಡೆಯನ್ನು ಮೇಲಿನಿಂದ ಕೆಳಕ್ಕೆ ಎರಡು, ನಾಲ್ಕು, ಎಂಟು, ಹದಿನಾರು ಹೋಳು ಮಾಡುತ್ತಾರೆ. ಪ್ರತಿ ಹೋಳಿನಿಂದ ಎರಡೆರಡು ಪದರಗಳ ಜೋಡಿ ಬಿಡಿಸುತ್ತಾರೆ, ಆದರೆ ಜೋಡಿಯ ಬುಡದಲ್ಲಿ ಬೇರುತಟ್ಟೆಯ ಚೂರೊಂದು ಅಂಟಿಕೊಂಡಿರಲೇಬೇಕು. ಶಿಲೀಂಧ್ರನಾಶಕದಲ್ಲಿ ಅದ್ದಿ, ತುಸು ತೇವದ ವರ್ಮಿಕ್ಯುಲೈಟ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕತ್ತಲ ಬೀರುವಿನಲ್ಲಿ ಇಡುತ್ತಾರೆ. ಮೂರು ತಿಂಗಳು ಕಳೆದು ಚೀಲ ಬಿಚ್ಚಿದರೆ ಎರಡು ಪದರಗಳ ನಡುವೆ ಅಕ್ಕಿಕಾಳಿನಷ್ಟು ಬಿಳಿ ಗುಂಡು ಮೂಡಿರುತ್ತದೆ. ಹೊಸ ಗೆಡ್ಡೆ! ಒಂದರಿಂದ ಹತ್ತಾರು, ಎಲ್ಲವೂ ತಾಯಿಯದೇ ಪಡಿಯಚ್ಚು.

ಸ್ನೋಡ್ರಾಪ್‌ನ ಬೀಜ ಹರಡುವ ಕೆಲಸ ಇರುವೆಗಳದು. ಬೀಜದ ತುದಿಯಲ್ಲಿ ಎಣ್ಣೆಯಂಶದ ಒಂದು ಪುಟ್ಟ ಬಾಲ, ಅದು ಇರುವೆಗೆ ಕೂಲಿ. ಕಾಯಿ ಬಲಿಯುವ ಹೊತ್ತಿಗೆ ದಂಟು ತಾನಾಗಿ ನೆಲಕ್ಕೆ ಬಾಗಿ ಇರುವೆಯ ಕೈಗೆ ಎಟಕುವಂತೆ ಮಲಗುತ್ತದೆ. ಇದರ ದೇಹದಲ್ಲಿರುವ ಗ್ಯಾಲಂಟಮೈನ್ ಎಂಬ ರಸಾಯನವನ್ನು 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಮತ್ತು ಬಲ್ಗೇರಿಯಾದ ವಿಜ್ಞಾನಿಗಳು ಹಿಡಿದರು. 2001ರಲ್ಲಿ ಅಮೆರಿಕದಲ್ಲೂ ಅದಕ್ಕೆ ಅನುಮತಿ ಸಿಕ್ಕಿತು. ಯಾವುದಕ್ಕೆ ಗೊತ್ತೇ? ಆಲ್‌ಝೈಮರ್ ರೋಗಿಗಳ ಮರೆವನ್ನು ಒಂದಿಷ್ಟು ತಡೆಹಿಡಿಯಲು. ಹಿಮದಲ್ಲಿ ತಲೆತಗ್ಗಿಸಿ ನಿಂತ ಈ ಹೂವಿನ ಮೈಯಲ್ಲಿ ಮುದುಕರ ನೆನಪಿಗೆ ಮದ್ದು!

ಇನ್ನು ಕ್ರೋಕಸ್. ನಮಗೆ ಇದರ ಒಬ್ಬ ನೆಂಟ ಚೆನ್ನಾಗಿ ಗೊತ್ತು: ಕಾಶ್ಮೀರದ ಪಾಂಪೋರಿನ ಕೇಸರಿ. ಅದು ಅರಳುವುದು ಶರತ್ಕಾಲದಲ್ಲಿ, ವಸಂತದಲ್ಲಲ್ಲ. ಅದಕ್ಕೆ ಬೀಜವೇ ಆಗುವುದಿಲ್ಲ, ಮನುಷ್ಯನ ಕೈ ಗೆಡ್ಡೆ ಬಿಡಿಸಿ ನೆಡುತ್ತಾ ಬಂದದ್ದರಿಂದ ಮಾತ್ರ ಇವತ್ತಿಗೂ ಉಳಿದಿದೆ. ವಸಂತದ ಕ್ರೋಕಸ್‌ಗಳು ಅದರ ದಾಯಾದಿಗಳು. ಅರಳಿದ ಕ್ರೋಕಸ್‌ನಲ್ಲಿ ಅಂಡಾಶಯ ಎಲ್ಲಿದೆ ಎಂದು ಹುಡುಕಿ ನೋಡಿ. ಸಿಗುವುದಿಲ್ಲ! ನಾವು ದಂಟು ಅಂದುಕೊಂಡದ್ದು ದಂಟಲ್ಲ, ದಳಗಳೇ ಕೂಡಿ ಆದ ಉದ್ದನೆಯ ಕೊಳವೆ. ಅಂಡಾಶಯ ಮಣ್ಣಿನ ಒಳಗೆ ಬೆಚ್ಚಗೆ ಕೂತಿದೆ. ಮೇಲೆ ಹಿಮ ಬೀಳಲಿ, ಹಕ್ಕಿ ದಳ ಹರಿಯಲಿ, ಬೀಜಕ್ಕೆ ಅಪಾಯವಿಲ್ಲ. ಬೀಜ ಬಲಿತ ಮೇಲಷ್ಟೇ ಒಂದು ಕಾಂಡ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಮುಚ್ಚಿದ ಕ್ರೋಕಸ್ ಮೊಗ್ಗಿನ ಕುಂಡವನ್ನು ಬೆಚ್ಚನೆಯ ಕೋಣೆಗೆ ತಂದಿಟ್ಟು ಚಹಾ ಕುಡಿಯುತ್ತಾ ಕೂತರೆ, ಲೋಟ ಖಾಲಿಯಾಗುವ ಹೊತ್ತಿಗೆ ಹೂವು ಬಾಯಿ ತೆರೆದಿರುತ್ತದೆ.

ಅದರ ಬೇರಿನ ಕತೆ ಇನ್ನೂ ಚೆಂದ. ಕ್ರೋಕಸ್ ಪ್ರತಿ ವರ್ಷ ಹಳೆಯ ಗೆಡ್ಡೆಯ ತಲೆಯ ಮೇಲೆ ಹೊಸ ಗೆಡ್ಡೆ ಕಟ್ಟುತ್ತದೆ. ಹೀಗೇ ಹತ್ತು ವರ್ಷ ನಡೆದರೆ ಗೆಡ್ಡೆ ನೆಲದಿಂದ ಹೊರಗೇ ಬಂದುಬಿಡಬೇಕಲ್ಲ? ಬರುವುದಿಲ್ಲ. ಮಾಮೂಲು ಬೇರುಗಳ ಜೊತೆಗೆ ದಪ್ಪನೆಯ, ಬೆಳ್ಳಗಿನ ವಿಶೇಷ ಬೇರೊಂದನ್ನು ಅದು ಕೆಳಕ್ಕೆ ಇಳಿಸುತ್ತದೆ. ಆ ಬೇರು ಮಣ್ಣನ್ನು ಕಚ್ಚಿಕೊಂಡು ತನ್ನನ್ನು ತಾನೇ ಮೋಟು ಮಾಡಿಕೊಳ್ಳುತ್ತದೆ, ಮೈಮೇಲೆ ಸುಕ್ಕು ಬೀಳುವಷ್ಟು. ಗೆಡ್ಡೆ ಮೆಲ್ಲಮೆಲ್ಲಗೆ ಆಳಕ್ಕೆ ಜಗ್ಗಿಹೋಗುತ್ತದೆ. ನೀವು ಮೇಲೆ ಮೇಲೆ ನೆಟ್ಟರೂ ತನಗೆ ಬೇಕಾದ ಆಳವನ್ನು ಅದು ತಾನೇ ಹುಡುಕಿಕೊಳ್ಳುತ್ತದೆ.

ಇಷ್ಟು ಗೆಡ್ಡೆಯ ಮಾತಾಯಿತು. ಇವುಗಳ ನೆರೆಮನೆಯವರು ಇನ್ನೂ ಗಟ್ಟಿ ಆಸಾಮಿಗಳು: ಬಂಡೆಯ ಬಿರುಕಿನಲ್ಲಿ ಬದುಕುವ ಎತ್ತರದ ಬೆಟ್ಟಗಳ ಗಿಡಗಳು. ಅವನ್ನು ಮನೆಗೆ ತರುವ ಹುಚ್ಚನ್ನು ಇಂಗ್ಲಿಷರಿಗೆ ಹಿಡಿಸಿದವರಲ್ಲಿ ಮೊದಲ ಹೆಸರು ರೆಜಿನಾಲ್ಡ್ ಫ಼ಾರರ್. 1880ರಲ್ಲಿ ಹುಟ್ಟಿದ ಯಾರ್ಕ್‌ಶೈರಿನ ಸಿರಿವಂತರ ಮಗ, ಸೀಳು ಅಂಗುಳದವ. ಶಾಲೆಗೆ ಹೋಗದೆ ಮನೆಯಲ್ಲೇ ಓದಿದ, ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಒಬ್ಬನೇ ಅಲೆದ. ಹದಿನಾಲ್ಕನೆಯ ವಯಸ್ಸಿಗೇ ಹಾಳುಬಿದ್ದ ಕಲ್ಲುಕ್ವಾರಿಯೊಂದರಲ್ಲಿ ಕಲ್ಲುತೋಟ ಕಟ್ಟಿದ. ಮುಂದೆ ಸಿಲೋನಿಗೆ ಹೋಗಿ ಬೌದ್ಧನಾದ. 1914ರಲ್ಲಿ ಚೀನಾದ ಗಾನ್ಸು ಬೆಟ್ಟಗಳಿಗೆ ಗಿಡ ಹುಡುಕಿಕೊಂಡು ಹೋದ. ಅವನ ಹೆಸರು ಹೊತ್ತ ಒಂದು ನೀಲಿ ಜೆನ್ಶಿಯನ್ ಹೂವಿದೆ, ಆ ನೀಲಿಯನ್ನು ಬಣ್ಣಿಸಹೊರಟವರು ಸೋಲುತ್ತಾರೆ. ಬಂಡೆಯ ಎತ್ತರದ ಬಿರುಕುಗಳಿಗೆ ಕೈ ಎಟಕದೆ ಬಂದೂಕಿನ ತೋಟೆಗೆ ಬೀಜ ತುಂಬಿ ಬಂಡೆಗೇ ಗುಂಡು ಹಾರಿಸಿದನಂತೆ ಎಂಬ ಮಾತು ತೋಟಗಾರರ ಬಾಯಲ್ಲಿ ಇಂದಿಗೂ ಇದೆ! 1919ರಲ್ಲಿ ಕಲ್ಲುತೋಟದ ಮೇಲೆ ಎರಡು ಸಂಪುಟಗಳ ಮಹಾಗ್ರಂಥ ಪ್ರಕಟಿಸಿ, ಮರುವರ್ಷ ಬರ್ಮಾದ ಕಾಡುಬೆಟ್ಟದಲ್ಲಿ, ಮಳೆಯ ನಡುವೆ, ನಲವತ್ತಕ್ಕೇ ತೀರಿಕೊಂಡ.

ಫ಼ಾರರ್‌ನ ನಾಲಗೆ ಮಾತ್ರ ಬಲು ಹರಿತ. ಹಣದ ಚೀಲ ಸುರಿದು ಬಂಡೆ ಪೇರಿಸುವ ಸಾಹುಕಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಥೇಮ್ಸ್ ದಂಡೆಯ ಹೆನ್ಲಿಯಲ್ಲಿ ಸರ್ ಫ್ರಾಂಕ್ ಕ್ರಿಸ್ಪ್ ಎಂಬ ವಕೀಲರು ಫ್ರಾಯರ್ ಪಾರ್ಕ್ ಎಂಬ ತಮ್ಮ ಬಂಗಲೆಯ ಅಂಗಳದಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರದ್ದೇ ಮಾದರಿ ಕಟ್ಟಿಸಿದ್ದರು. 1914ರಲ್ಲಿ ಗೆಳೆಯ ಬೋಲ್ಸ್‌ನ ವಸಂತದ ತೋಟದ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತಾ ಫ಼ಾರರ್ ಇಂಥ ತೋಟಗಳಿಗೆ ಚೆನ್ನಾಗಿ ಝಾಡಿಸಿದ, ಹೆಸರೆತ್ತದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕ್ರಿಸ್ಪ್ ಸಾಹೇಬರು ಕೆರಳಿ ಉತ್ತರವಾಗಿ ಕರಪತ್ರವನ್ನೇ ಅಚ್ಚು ಹಾಕಿಸಿದರು. ಅದನ್ನು ಚೆಲ್ಸಿ ಪುಷ್ಪಪ್ರದರ್ಶನಕ್ಕೆ ಬಂದವರಿಗೆ ಹಂಚಿದವರು ಎಲೆನ್ ವಿಲ್ಮಟ್ ಎಂಬ ತೋಟಗಾರ್ತಿ. ಈ ಹೆಂಗಸು ತನ್ನ ಡ್ಯಾಫೋಡಿಲ್ ಗೆಡ್ಡೆ ಕಳ್ಳರಿಗಾಗಿ ತಂತಿ ತಾಕಿದರೆ ಸಿಡಿಯುವ ಬಂದೂಕು ಹೂಡಿದ್ದಳು ಎನ್ನುತ್ತಾರೆ. ಹೂ ಬೆಳೆಸುವವರು ಸಾಧು ಜನ ಎಂದು ಯಾರು ಹೇಳಿದರೋ! ಆ ಫ್ರಾಯರ್ ಪಾರ್ಕ್ ಮುಂದೆ ಏನಾಯಿತು ಗೊತ್ತೇ? ನಮ್ಮ ರವಿಶಂಕರರ ಬಳಿ ಸಿತಾರ್ ಕಲಿತ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1970ರಲ್ಲಿ ಅದನ್ನು ಕೊಂಡ, ಹಾಳುಬಿದ್ದ ತೋಟವನ್ನು ಮತ್ತೆ ಎಬ್ಬಿಸಿದ, ಕ್ರಿಸ್ಪ್ ಸಾಹೇಬರ ಮೇಲೆ ಒಂದು ಹಾಡನ್ನೂ ಕಟ್ಟಿದ.

ಈ ಬಂಡೆಗಿಡಗಳ ಒಳಗುಟ್ಟು ಬಿಚ್ಚಿದಷ್ಟೂ ಮುಗಿಯುವುದಿಲ್ಲ. ದಿಂಬಿನಾಕಾರದಲ್ಲಿ ನೆಲಕ್ಕೆ ಅಂಟಿ ಬೆಳೆಯುವ ಸೈಲೀನ್ ಅಕಾಲಿಸ್ ನೋಡಿ. ಬಿಸಿಲು ಬಿದ್ದ ದಿನ ಅದರ ದಿಂಬಿನೊಳಗಿನ ಶಾಖ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಏರಬಲ್ಲದು. ಮುನ್ನೂರು ವರ್ಷ ದಾಟಿದ ದಿಂಬುಗಳಿವೆ. ಸ್ಯಾಕ್ಸಿಫ್ರೇಜ್ ಎಂಬ ಇನ್ನೊಂದು ಕುಟುಂಬದ ಕೆನ್ನೇರಳೆ ಹೂವಿನ ಗಿಡ ಸ್ವಿಟ್ಜರ್ಲೆಂಡಿನ ಡೋಮ್ ಪರ್ವತದಲ್ಲಿ 4,505 ಮೀಟರ್ ಎತ್ತರದಲ್ಲಿ ಬದುಕಿರುವುದು ಸಿಕ್ಕಿದೆ. ಅದೇ ಕುಟುಂಬದ ಕೆಲವು ಗಿಡಗಳು ಎಲೆಯಂಚಿನ ಸಣ್ಣ ರಂಧ್ರಗಳಿಂದ ಸುಣ್ಣದ ನೀರು ಒಸರಿಸುತ್ತವೆ, ಅದು ಒಣಗಿ ಎಲೆಗೆ ಬೆಳ್ಳಿಯಂಚು ಕಟ್ಟುತ್ತದೆ. 2018ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ತಮ್ಮ ಸಸ್ಯೋದ್ಯಾನದ ಗಿಡಗಳಲ್ಲಿ ಆ ಬಿಳಿ ಪುಡಿಯನ್ನು ಪರೀಕ್ಷಿಸಿದರೆ ಅದರಲ್ಲಿ ವ್ಯಾಟರೈಟ್ ಇತ್ತು! ಭೂಮಿಯ ಮೇಲೆ ಬಲು ಅಪರೂಪದ, ಉಲ್ಕೆಗಳಲ್ಲೂ ಕಂಡುಬಂದಿರುವ ಖನಿಜ. ಅಂಗೈಯಗಲದ ಗಿಡವೊಂದು ಅದನ್ನು ಸದ್ದಿಲ್ಲದೆ ತಯಾರಿಸುತ್ತಿತ್ತು.

ಎದೆ ಝಲ್ಲೆನ್ನಿಸಿದ ಸುದ್ದಿ ಮಾತ್ರ ಚೀನಾದ ಹೆಂಗ್‌ಡುವಾನ್ ಬೆಟ್ಟಗಳದು. ಅಲ್ಲಿನ ಕಲ್ಲುರಾಶಿಗಳಲ್ಲಿ ಫ್ರಿಟಿಲೇರಿಯಾ ಡೆಲವೇಯಿ ಎಂಬ ಗೆಡ್ಡೆಗಿಡವಿದೆ. ಹೂ ಬಿಡಲು ಐದು ವರ್ಷ, ಆಮೇಲೆ ವರ್ಷಕ್ಕೊಂದೇ ಹೂವು. ಕೆಮ್ಮಿನ ಔಷಧಿಗೆಂದು ಜನ ಇದರ ಗೆಡ್ಡೆಯನ್ನು ಎರಡು ಸಾವಿರ ವರ್ಷಗಳಿಂದ ಅಗೆಯುತ್ತಾ ಬಂದಿದ್ದಾರೆ. 2020ರಲ್ಲಿ ಕುನ್ಮಿಂಗ್ ಸಸ್ಯವಿಜ್ಞಾನ ಸಂಸ್ಥೆ ಮತ್ತು ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಸಂಗತಿ ಇದು: ಜನ ಹೆಚ್ಚು ಅಗೆಯದ ಕಡೆ ಈ ಗಿಡ ಹಸಿರು, ಹೆಚ್ಚು ಅಗೆಯುವ ಕಡೆ ಬೂದು, ಕಂದು, ಸುತ್ತಲಿನ ಕಲ್ಲಿನದೇ ಬಣ್ಣ. ಕಣ್ಣಿಗೆ ಬಿದ್ದದ್ದನ್ನು ಜನ ಕಿತ್ತರು, ಕಾಣದ್ದು ಉಳಿದು ಬೀಜ ಬಿಟ್ಟಿತು. ಗಿಡ ನಮ್ಮಿಂದ ಅಡಗಿಕೊಳ್ಳಲು ಕಲಿತಿದೆ!

ಸರಿ, ಇವನ್ನೆಲ್ಲ ಮನೆಯಲ್ಲಿ ಬೆಳೆಸುವುದು ಹೇಗೆ? ಬ್ರಿಟನ್, ಹಾಲೆಂಡ್, ಕೆನಡಾದಲ್ಲಿ ಮನೆಮಾಡಿರುವ ನಮ್ಮವರಿಗೆ ಮೊದಲು ಹೇಳುತ್ತೇನೆ, ಚಳಿ ನಿಮ್ಮ ಬಾಗಿಲಿಗೇ ಬಿಟ್ಟಿಯಾಗಿ ಬರುತ್ತದೆ. ಒಂದು ಆಳದ ಕುಂಡ ಸಾಕು. ಗೆಡ್ಡೆಯ ಎತ್ತರದ ಮೂರರಷ್ಟು ಆಳ ಎಂಬುದು ಲೆಕ್ಕ. ತಳದಲ್ಲಿ ಟ್ಯುಲಿಪ್ ಇಟ್ಟು ಮಣ್ಣು ಹಾಕಿ, ಅದರ ಮೇಲೆ ಗಿಡ್ಡ ಡ್ಯಾಫೋಡಿಲ್, ಮತ್ತೆ ಮಣ್ಣು, ಮೇಲ್ಪದರದಲ್ಲಿ ಕ್ರೋಕಸ್. ಮೂತಿ ಮೇಲಕ್ಕಿರಲಿ. ಫೆಬ್ರವರಿಯಿಂದ ಮೇವರೆಗೆ ಒಂದೇ ಕುಂಡದಲ್ಲಿ ಮೂರು ಸುತ್ತಿನ ಹೂವು! ಅಳಿಲು, ಇಲಿಗಳಿಗೆ ಟ್ಯುಲಿಪ್, ಕ್ರೋಕಸ್ ಅಂದರೆ ಪ್ರಾಣ. ಡ್ಯಾಫೋಡಿಲ್ ವಿಷ, ಅದನ್ನು ಮುಟ್ಟುವುದಿಲ್ಲ. ನೆಟ್ಟ ಮೇಲೆ ಕುಂಡದ ಬಾಯಿಗೆ ಜಾಲರಿ ಹೊದಿಸಿ. ಸ್ನೋಡ್ರಾಪ್ ಬೇಕಿದ್ದರೆ ಒಣಗೆಡ್ಡೆ ಬೇಡ, ಹೂ ಮುಗಿದು ಎಲೆ ಹಸಿರಾಗಿರುವಾಗಲೇ ಬುಡಸಮೇತ ಸಿಗುತ್ತದೆ, ಅದನ್ನು ಕೊಳ್ಳಿ. ಹೂ ಉದುರಿದ ಮೇಲೆ ಎಲೆ ಅಸಹ್ಯ ಎಂದು ಕತ್ತರಿಸಬೇಡಿ. ಆ ಎಲೆ ಇನ್ನೂ ಆರು ವಾರ ಬಿಸಿಲು ಕುಡಿದರಷ್ಟೇ ಗೆಡ್ಡೆಯೊಳಗೆ ಮುಂದಿನ ವರ್ಷದ ಹೂವು.

ಬಂಡೆಗಿಡಗಳಿಗೆ ಕಲ್ಲುಬಾನಿ ಬೇಕು. ಹಳೆಯ ಕಲ್ಲುತೊಟ್ಟಿಗಳಿಗೆ ಅಲ್ಲಿ ಈಗ ಸಿಕ್ಕಾಪಟ್ಟೆ ಬೆಲೆ. ಅದಕ್ಕೇ ಜನ ತಾವೇ ಮಾಡಿಕೊಳ್ಳುತ್ತಾರೆ: ಒಂದು ಪಾಲು ಸಿಮೆಂಟು, ಒಂದು ಪಾಲು ಮರಳು, ಎರಡು ಪಾಲು ಪೀಟ್ ಅಥವಾ ತೆಂಗಿನ ನಾರಿನ ಪುಡಿ. ದಪ್ಪಗೆ ಕಲೆಸಿ, ಎರಡು ರಟ್ಟಿನ ಡಬ್ಬಿಗಳ ನಡುವೆ ತುಂಬಿ, ತಳದಲ್ಲಿ ತೂತು ಬಿಟ್ಟು ಒಣಗಿಸಿದರೆ ಸುಣ್ಣಕಲ್ಲನ್ನೇ ಕಡೆದ ಹಾಗೆ ಕಾಣುತ್ತದೆ. ಪೀಟ್ ತೆಗೆಯುವುದು ಜೌಗುನೆಲಕ್ಕೆ ಹಾನಿ ಎಂದು ಬ್ರಿಟನ್ ಅದರಿಂದ ಹಿಂದೆ ಸರಿಯುತ್ತಿದೆ. ಅದರ ಜಾಗಕ್ಕೆ ಹೋಗುತ್ತಿರುವುದು ದಕ್ಷಿಣ ಭಾರತ, ಶ್ರೀಲಂಕಾದ ತೆಂಗಿನ ನಾರಿನ ಪುಡಿ. ಆಲ್ಪ್ಸ್‌ನ ಹೂವಿಗೆ ನಮ್ಮ ತೆಂಗಿನಕಾಯಿಯ ಸಿಪ್ಪೆ ಹಾಸಿಗೆ! ಬಾನಿಗೆ ಅರ್ಧದಷ್ಟು ದಪ್ಪ ಮರಳು, ಸಣ್ಣ ಜಲ್ಲಿ ಬೆರೆಸಿದ ಮಣ್ಣು ಹಾಕಿ. ಚಪ್ಪಟೆ ಕಲ್ಲುಗಳನ್ನು ಪುಸ್ತಕ ಜೋಡಿಸಿದಂತೆ ಪಕ್ಕಪಕ್ಕ ನಿಲ್ಲಿಸಿ, ಬೆರಳಗಲದ ಸಂದುಗಳಲ್ಲಿ ಗಿಡ ಇಳಿಸುವುದು ಚೆಕ್ ತೋಟಗಾರರು ಜಗತ್ತಿಗೆ ಕಲಿಸಿದ ವಿದ್ಯೆ. ಬೇರು ಸಂದಿನ ಆಳಕ್ಕೆ ಇಳಿದು ತಂಪಾಗಿರುತ್ತದೆ, ಕುತ್ತಿಗೆ ಒಣಗಿರುತ್ತದೆ.

ಆ ಕುತ್ತಿಗೆಯೇ ಪ್ರಾಣ. ಆಲ್ಪ್ಸ್‌ನ ಭಯಂಕರ ಚಳಿಗೆ ಜಗ್ಗದ ಗಿಡ ಲಂಡನ್ನಿನ ಜಿಟಿಜಿಟಿ ಮಳೆಗೆ ಕೊಳೆತು ಸಾಯುತ್ತದೆ. ಬೆಟ್ಟದಲ್ಲಿ ಹಿಮ ಅದಕ್ಕೆ ಕಂಬಳಿ, ಅದರಡಿ ಶಾಖ ಸೊನ್ನೆಯ ಆಸುಪಾಸು, ಒದ್ದೆಯೂ ಕಡಿಮೆ. ಆದ್ದರಿಂದ ಗಿಡದ ಬುಡದ ಸುತ್ತ ಎರಡು ಬೆರಳು ದಪ್ಪ ಜಲ್ಲಿ ಹರಡಿ, ಚಳಿಗಾಲದಲ್ಲಿ ಮೇಲೊಂದು ಗಾಜಿನ ಹಲಗೆ ಹಿಡಿಯಿರಿ. ಬದಿಗಳು ತೆರೆದೇ ಇರಲಿ, ಗಾಳಿಯಾಡಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ 2006ರಲ್ಲಿ ತೆರೆದ ಆಲ್ಪೈನ್ ಗಾಜಿನಮನೆ ಬಿಸಿ ಮಾಡಲು ಕಟ್ಟಿದ್ದಲ್ಲ, ತಂಪು ಮಾಡಲು ಕಟ್ಟಿದ್ದು. ನೆಲದಡಿಯ ಕಾಂಕ್ರೀಟ್ ಸುರಂಗಗಳಲ್ಲಿ ತಣಿದ ಗಾಳಿಯನ್ನು ಗಿಡಗಳ ಮೇಲೆ ಬಿಡುತ್ತಾರೆ.

ಇನ್ನು ಕರ್ನಾಟಕದಲ್ಲಿರುವ ನಾವು? ನಮ್ಮ ದೇಶದಲ್ಲೇ ನೋಡಬೇಕೆಂದರೆ ಮಾರ್ಚ್ ಕೊನೆಗೆ ಶ್ರೀನಗರಕ್ಕೆ ಹೋಗಿ. ಝಬರ್ವಾನ್ ಬೆಟ್ಟದ ತಪ್ಪಲಿನ ಟ್ಯುಲಿಪ್ ತೋಟ ತೆರೆದಿರುವುದು ವರ್ಷಕ್ಕೆ ಒಂದು ತಿಂಗಳ ಆಸುಪಾಸು ಮಾತ್ರ. ಹಿಂದೆ ಕಾಶ್ಮೀರಿಗಳು ಮನೆಯ ಮಣ್ಣಿನ ಸೂರಿನ ಮೇಲೆಯೇ ಟ್ಯುಲಿಪ್, ಐರಿಸ್ ಬೆಳೆಸುತ್ತಿದ್ದರು. ಸೂರಿಗೆ ಸೂರೇ ಕಲ್ಲುತೋಟ! ಬೆಂಗಳೂರಿನಲ್ಲೇ ಒಂದು ಕೈ ನೋಡುವ ಹಟವಿದ್ದರೆ ಚಳಿಯನ್ನು ಫ್ರಿಜ್ಜಿನಿಂದ ಕೊಡಬೇಕು. ಕಾಗದದ ಚೀಲದಲ್ಲಿ ಗೆಡ್ಡೆ ಹಾಕಿ ಮೂರು ಮೂರೂವರೆ ತಿಂಗಳು ಇಡಿ. ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಇಡಲೇಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಹೂವನ್ನು ಅಲ್ಲೇ ಕೊಲ್ಲುತ್ತದೆ. ಡಿಸೆಂಬರ್ ಚಳಿಯಲ್ಲಿ ಮನೆಯ ಅತಿ ತಂಪು ಮೂಲೆಯಲ್ಲಿ ನೆಟ್ಟರೆ ಹೂ ಕಾಣಬಹುದು, ಒಂದೇ ಸಲ. ಎರಡನೆಯ ವರ್ಷದ ಆಸೆ ಬೇಡ.

ನನ್ನ ಮನಸ್ಸು ಮಾತ್ರ ಅದಕ್ಕಿಂತ ನಮ್ಮ ಗೌರಿಹೂವಿನ ಕಡೆಗೇ ವಾಲುತ್ತದೆ. ಟ್ಯುಲಿಪ್ ಚಳಿಗೆ ಮಾಡುವುದನ್ನು ಅದು ನಮ್ಮ ಬೇಸಿಗೆಗೆ ಮಾಡುತ್ತದೆ: ಸುಡುಬಿಸಿಲಿನಲ್ಲಿ ಗೆಡ್ಡೆಯಾಗಿ ನೆಲದಡಿ ಮಲಗಿ, ಮಳೆ ಬಿದ್ದ ಮೇಲೆ ಎದ್ದು, ಹಬ್ಬದ ಹೊತ್ತಿಗೆ ಬೆಂಕಿಯ ಬಣ್ಣದಲ್ಲಿ ಅರಳುತ್ತದೆ. ಯುರೋಪಿನ ಶರತ್ಕಾಲದ ಕಾಲ್ಚಿಕಮ್ ಹೂವೂ ಇದೂ ಒಂದೇ ಕುಟುಂಬ, ಎರಡರಲ್ಲೂ ಕಾಲ್ಚಿಸಿನ್ ಎಂಬ ಅದೇ ಘೋರ ವಿಷ. ಮಕ್ಕಳಿರುವ ಮನೆಯಲ್ಲಿ ಗೆಡ್ಡೆಯನ್ನು ಕೈಗೆಟಕದ ಹಾಗೆ ಇಡಿ.

ಕೊಳ್ಳುವ ಮುನ್ನ ಒಂದೇ ಒಂದು ವಿಚಾರಣೆ ಮಾಡಿ: ಈ ಗೆಡ್ಡೆ ನರ್ಸರಿಯಲ್ಲಿ ಬೆಳೆದದ್ದೋ, ಬೆಟ್ಟದಿಂದ ಅಗೆದು ತಂದದ್ದೋ? ಕಾಡು ಸ್ನೋಡ್ರಾಪ್‌ಗಳನ್ನು ಮಿತಿಮೀರಿ ಅಗೆದದ್ದರಿಂದಲೇ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಅಂಗಡಿಯವರು ಉತ್ತರ ಹೇಳಲು ತಡವರಿಸಿದರೆ ಆ ಗೆಡ್ಡೆಯನ್ನು ಅಲ್ಲೇ ಬಿಟ್ಟು ಬನ್ನಿ.